ಛತ್ರದಿಂದ ಲೈವ್: ನೆಟ್ ಕಡಿಯದ ಹಾಗೆ ನಾನು ಮಾಡಿಕೊಳ್ಳುವ ಏರ್ಪಾಡು

ಮೈಸೂರು, ಮಂಡ್ಯ ಕಡೆಯ ಛತ್ರಗಳಿಂದ ಮದುವೆ ಲೈವ್ ಮಾಡುವಾಗ ನಾನು ಮೊದಲು ನೋಡುವುದು ಅಪ್‌ಲೋಡ್, ಅಂದರೆ ಇಲ್ಲಿಂದ ಡೇಟಾ ಹೊರಗೆ ಹೋಗುವ ವೇಗ. ಡೌನ್‌ಲೋಡ್ ಎಷ್ಟಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡಿನ ಲೆಕ್ಕ ಹೇಳುತ್ತದೆ, ನಮಗೆ ಬೇಕಾದದ್ದು ಮೂರು ಗಂಟೆ ಒಂದೇ ಸಮ ಹೋಗುವ ಲೈನ್. ಹಿಂದಿನ ಸಂಜೆ ಖಾಲಿ ಛತ್ರದಲ್ಲಿ 20 ಎಂಬಿಪಿಎಸ್ ತೋರಿಸಿದ ಸಿಮ್, ಧಾರೆ ಹೊತ್ತಿಗೆ 2ಕ್ಕೆ ಇಳಿಯಬಹುದು. ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ಡೇಟಾ ಮಾತ್ರ ಹೋಗುವುದಿಲ್ಲ. ನೂರಾರು ಜನ ಒಂದೇ ಟವರ್ ಮೇಲೆ, ಅದೇ ಗಳಿಗೆಯಲ್ಲಿ, ತಾಳಿ ಕಟ್ಟುವುದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಿರುತ್ತಾರಲ್ಲ, ಅವರದ್ದೂ ಅಪ್‌ಲೋಡೇ. ಈ ಕಾರಣಕ್ಕೇ ಮೇಲುಕೋಟೆ ವೈರಮುಡಿ, ಜಂಬೂಸವಾರಿಯಂಥ ಜನಸಂದಣಿಯಲ್ಲಿ ಬರೀ ಸಿಮ್ ನಂಬಿ ಲೈವ್ ಒಪ್ಪಿಕೊಳ್ಳುವುದಿಲ್ಲ.

ಛತ್ರದಲ್ಲಿ ಫೈಬರ್ ಇದ್ದರೆ ಅದೇ ಮುಖ್ಯ ಲೈನ್. ಅದರ ವೈಫೈ ಮುಟ್ಟುವುದಿಲ್ಲ, ಆಫೀಸ್ ರೂಮಿನ ರೌಟರ್‌ನಿಂದ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಯುತ್ತೇನೆ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಊಟದ ಹಾಲ್‌ಗೆ ಹೋಗುವ ದಾರಿ ಬಿಟ್ಟು ಗೋಡೆಯಂಚಿನಲ್ಲೇ ತಂದು ಟೇಪ್ ಹಾಕಬೇಕು. ತುದಿಯ ಕನೆಕ್ಟರ್ ಕ್ಲಿಪ್ ನೋಡಿಕೊಳ್ಳಿ: ಅದು ಮುರಿದಿದ್ದರೆ ಪಿನ್ ಕೂತ ಹಾಗೇ ಕಾಣುತ್ತದೆ, ಯಾರಾದರೂ ಕೇಬಲ್ ಎಡವಿದ ತಕ್ಷಣ ಲಿಂಕ್ ಹೋಗುತ್ತದೆ. ಹೊಸ ಕನೆಕ್ಟರ್ ಕೂರಿಸುವ ಕ್ರಿಂಪಿಂಗ್ ಟೂಲ್, ನಾಲ್ಕು ಕನೆಕ್ಟರ್ ಬ್ಯಾಗಿನಲ್ಲಿರಲಿ.

ಕರೆಂಟ್ ಹೋಗಿ ಜನರೇಟರ್ ಬರುವುದರೊಳಗೆ ಫೈಬರ್ ಮೋಡೆಮ್ ಆಫ್ ಆಗಿರುತ್ತದೆ. ಅದು ಮತ್ತೆ ಆನ್ ಆಗಿ ಲೈನ್ ಹಿಡಿಯಲು ಎರಡು ಮೂರು ನಿಮಿಷ ಬೇಕು. ಮುಹೂರ್ತ ಅಷ್ಟು ಹೊತ್ತು ಕಾಯುವುದಿಲ್ಲ. ಮೋಡೆಮ್, ರೌಟರ್ ಎರಡಕ್ಕೂ 12 ವೋಲ್ಟ್ ಮಿನಿ ಯುಪಿಎಸ್ ಕೊಡಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಯೇ ಕೊಳ್ಳಿ.

ಫೈಬರ್ ಕೈಕೊಟ್ಟರೆ ಬದಲಿಗೆ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲೇ, ಅಂದರೆ ಕೇಬಲ್ ಮೂಲಕವೇ ಜೋಡಿಸಿ. ಜನ ತುಂಬಿದ ಹಾಲ್‌ನಲ್ಲಿ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ನಿಲ್ಲುವುದಿಲ್ಲ. ದಿನದ ಡೇಟಾ ಮಿತಿಯನ್ನೂ ಲೆಕ್ಕ ಹಾಕಿ: 3000 ಕೆಬಿಪಿಎಸ್ (3 ಎಂಬಿಪಿಎಸ್) ವಿಡಿಯೋ, 128 ಆಡಿಯೋ ಸೇರಿ ಗಂಟೆಗೆ ಸುಮಾರು 1.4 ಜಿಬಿ. ದಿನಕ್ಕೆ 2 ಜಿಬಿಯ ಪ್ಲಾನ್ ಒಂದೂವರೆ ಗಂಟೆಗೂ ಸಾಲದು, ಆಮೇಲೆ ಸ್ಪೀಡ್ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಡೇಟಾ ಆಡ್‌ಆನ್ ಮೊದಲೇ ಹಾಕಿಸಿ.

ಎರಡು ನೆಟ್ ಲೈನ್ ಜೋಡಿಸಬಹುದಾದ ಡ್ಯುಯಲ್ ವ್ಯಾನ್ ರೌಟರ್ ಇದ್ದರೂ, ಲೈನ್ ಬದಲಾದಾಗ ಐಪಿ ವಿಳಾಸ ಬದಲಾಗಿ, ಯೂಟ್ಯೂಬ್‌ಗೆ ವಿಡಿಯೋ ಕಳಿಸುತ್ತಿದ್ದ ಹಳೆಯ ಆರ್‌ಟಿಎಂಪಿ ಕನೆಕ್ಷನ್ ಕಡಿದೇ ಹೋಗುತ್ತದೆ. ಅದಕ್ಕೇ ಲೈವ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ ಆಟೋ ರೀಕನೆಕ್ಟ್ ಆನ್ ಇರಬೇಕು, ಯೂಟ್ಯೂಬ್‌ನಲ್ಲಿ ಆಟೋ ಸ್ಟಾಪ್ ಆಫ್ ಇರಬೇಕು. ಆಟೋ ಸ್ಟಾಪ್ ಹಾಗೇ ಬಿಟ್ಟರೆ ನೆಟ್ ಕಡಿದಾಗ ಲೈವ್ ಅಲ್ಲಿಗೇ ಮುಗಿಯಬಹುದು, ಆಗ ಹೊಸ ಲಿಂಕನ್ನು ಅಮೆರಿಕದಲ್ಲಿರುವ ಅತ್ತೆ, ಮಾವಂದಿರಿಗೆಲ್ಲ ಮತ್ತೆ ಕಳಿಸಬೇಕು. ಕಡಿಯದೆಯೇ ಸಾಗಬೇಕೆಂದರೆ ಎರಡೂ ಲೈನನ್ನು ಒಟ್ಟಿಗೆ ಬಳಸುವ ಬಾಂಡಿಂಗ್ ಬೇಕು, ಅದಕ್ಕೆ ಖರ್ಚು ಜಾಸ್ತಿ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, ನಿಮ್ಮ ಅತಿ ಕೆಟ್ಟ ಅಪ್‌ಲೋಡ್‌ನ ಅರ್ಧ ದಾಟಬಾರದು. 6 ಎಂಬಿಪಿಎಸ್ ಗಟ್ಟಿಯಾಗಿ ಸಿಕ್ಕರೆ 720ಪಿ, 30 ಫ್ರೇಮ್, 3000 ಕೆಬಿಪಿಎಸ್, ಸಿಬಿಆರ್ (ಏರಿಳಿಯದ ಬಿಟ್‌ರೇಟ್), ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್. ಯೂಟ್ಯೂಬ್‌ನಲ್ಲಿ ಲೇಟೆನ್ಸಿ (ನೋಡುವವರಿಗೆ ತಲುಪುವ ತಡ) ನಾರ್ಮಲ್. ನಿಂತು ನಿಂತು ಬರುವ 1080ಪಿಗಿಂತ ಸರಾಗವಾಗಿ ಬರುವ 720ಪಿಯೇ ಮನೆಯವರಿಗೆ ಬೇಕು. ಲ್ಯಾಪ್‌ಟಾಪ್‌ನಲ್ಲೇ ರೆಕಾರ್ಡಿಂಗ್ ಕೂಡ ಓಡುತ್ತಿರಲಿ.

ಲೈವ್ ನಡೆಯುವಾಗ ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ಮುಚ್ಚಬೇಡಿ. ನೆಟ್‌ವರ್ಕ್‌ನಿಂದ ಡ್ರಾಪ್ ಆದ ಫ್ರೇಮ್ ಏರುತ್ತಿದ್ದರೆ ಬಿಟ್‌ರೇಟ್ 2000ಕ್ಕೆ ಇಳಿಸಿ, ಇಲ್ಲವೇ ಸಿಮ್ ಬದಲಿಸಿ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ನೆಟ್ ಸರಿಯಿದೆ, ಲ್ಯಾಪ್‌ಟಾಪ್‌ಗೆ ಭಾರವಾಗಿದೆ ಎಂದು ಅರ್ಥ.