ಹೆಪ್ಪು ಕೇಳಿಕೊಂಡು ಬರಲಿ: ಊರಿಂದ ಬಂದ ಅಮ್ಮನ ಒಂಟಿತನ ಕಳೆಯೋದು ಹೇಗೆ

ಅಪ್ಪ ಹೋದ ಮೇಲೆ ಅಮ್ಮನನ್ನು ಸಾಗರದ ಹತ್ತಿರದ ನಮ್ಮೂರಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಎಂಟನೇ ಮಹಡಿ, ಒಳ್ಳೆ ಗಾಳಿ ಬೆಳಕು, ದೊಡ್ಡ ಟಿವಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ನಾನು ವಾಪಸ್ ಬರುವುದು ರಾತ್ರಿ ಏಳೂವರೆಗೆ. ಒಂದು ದಿನ ಬೇಗ ಬಂದೆ. ಯಾವುದೋ ಹಿಂದಿ ಚಾನೆಲ್ ಓಡುತ್ತಿತ್ತು. ಅಮ್ಮನಿಗೆ ಹಿಂದಿ ಬರುವುದಿಲ್ಲ. "ಮನೇಲಿ ಯಾರದ್ದಾದರೂ ದನಿ ಇರಲಿ ಅಂತ ಹಾಕಿದ್ದೆ" ಅಂದಳು. ನನ್ನ ಎದೆ ಧಸಕ್ಕೆಂದಿತು.

ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ, "ಬೇಜಾರಾಗ್ತಿದೆಯಾ?" ಅಂತ ಕೇಳಬೇಡಿ. "ಏನೂ ಇಲ್ಲ ಬಿಡು" ಅಂತಾರೆ. "ಇವತ್ತು ಯಾರ ಹತ್ರ ಮಾತಾಡಿದೆ?" ಅಂತ ಕೇಳಿ. ಮೂರು ದಿನವೂ ಬರೀ ಹಾಲಿನವನ ಹೆಸರೇ ಬಂದರೆ ತಡಮಾಡಬೇಡಿ.

ಮೊದಲು ಅಡ್ಡಿ ಏನು ಅಂತ ಹುಡುಕಿ. ನಮ್ಮಮ್ಮ ಕೆಳಗೆ ಇಳಿಯದೇ ಇದ್ದದ್ದು ಮನಸ್ಸಿಲ್ಲದೆ ಅಲ್ಲ, ಲಿಫ್ಟ್‌ನಲ್ಲಿ ಸಿಕ್ಕಿಕೊಂಡರೆ ಏನು ಗತಿ ಅನ್ನೋ ಭಯಕ್ಕೆ. ಒಂದು ಭಾನುವಾರ ಇಬ್ಬರೂ ಹತ್ತಾರು ಸಲ ಮೇಲೆ ಕೆಳಗೆ ಓಡಾಡಿದೆವು. ನನ್ನ ನಂಬರ್ ಬರೆದ ಚೀಟಿ ಅವಳ ಎಲೆಅಡಿಕೆ ಸಂಚಿ ಸೇರಿತು. ಕಿವಿ ಪರೀಕ್ಷೆಯನ್ನೂ ಮಾಡಿಸಿ. ಸರಿಯಾಗಿ ಕೇಳಿಸದವರು ಮೊದಲು ಸುಮ್ನೆ ನಗುತ್ತಾರೆ, ಆಮೇಲೆ ಮಾತಿಗೇ ಬರುವುದಿಲ್ಲ.

ನಾನು ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. "ಅಮ್ಮ ಒಬ್ಬಳೇ ಇರ್ತಾಳೆ, ಆಗಾಗ ಮಾತಾಡಿಸಿ" ಅಂತ ಪಕ್ಕದ ಮನೆಯವರಿಗೆ ಹೇಳಿದೆ. ಪಾಪ, ಎರಡು ಸಲ ಬಂದರು. ಕನಿಕರಕ್ಕೆ ಬಂದವರ ಮಾತು ಬೇಗ ಮುಗಿಯುತ್ತದೆ. ಊರಲ್ಲಿ ಅಮ್ಮನಿಗೆ ಗೆಳತಿಯರಾದದ್ದು ಹಾಗಲ್ಲ. ಕೊಯ್ಲಿನ ಕಾಲದಲ್ಲಿ ಇವತ್ತು ನಮ್ಮ ಅಂಗಳದಲ್ಲಿ ಅಡಿಕೆ ಸುಲಿತ, ನಾಳೆ ಅವರಲ್ಲಿ. ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದರವರೆಗೂ ಮಾತು. ಅವರು ಬಂದರು ಅಂದರೆ ನಾವೂ ಹೋಗಲೇಬೇಕು. ಅದೇ ಮುಯ್ಯಾಳು. ಒಬ್ಬರ ಮನೆಯ ಬಾಕಿ ಇನ್ನೊಬ್ಬರ ಮೇಲೆ ಯಾವಾಗಲೂ ಇರುತ್ತಿತ್ತು. ಇಲ್ಲೂ ಅಂಥದ್ದೊಂದು ಬಾಕಿ ಹುಟ್ಟಬೇಕು.

ಅದಕ್ಕೇ ಹೆಪ್ಪು ಕೇಳಲು ಕಳಿಸಿ. ಒಂದು ಚಮಚ ಮೊಸರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ದೀಪ ಹಚ್ಚುವ ಮೊದಲೇ ಹೋಗಲಿ, ಆಮೇಲೆ ಕೆಲವರು ಹಾಲು ಮೊಸರು ಹೊರಗೆ ಕೊಡುವುದಿಲ್ಲ. ಬಟ್ಟಲನ್ನು ಖಾಲಿ ವಾಪಸ್ ಕೊಡಬಾರದಲ್ವಾ? ಅಮ್ಮ ಅದರಲ್ಲಿ ನಾಲ್ಕು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟಳು. ಮೂರನೇ ದಿನ ಪಕ್ಕದ ಮನೆಯಾಕೆಯೇ ಬಾಗಿಲು ತಟ್ಟಿದರು. ಮಿಡಿ ಎಲ್ಲಿ ಸಿಗುತ್ತೆ, ಉಪ್ಪಿನಲ್ಲಿ ಎಷ್ಟು ದಿನ ಇಡಬೇಕು ಅಂತ. ಅವತ್ತು ಅಮ್ಮ ಒಂದು ಗಂಟೆ ಮಾತಾಡಿದಳಂತೆ.

ಆಮೇಲೆ ದಿನ, ಹೊತ್ತು ಗೊತ್ತು ಮಾಡಿ. ಯಾವಾಗಾದ್ರೂ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಈಗ ಇಬ್ಬರೂ ಬುಧವಾರ ನಾಲ್ಕಕ್ಕೆ ಗಾಂಧಿ ಬಜಾರಿಗೆ ಹೋಗುತ್ತಾರೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಗುರುತಿನ ಚೀಟಿ ಜೊತೆಗಿದ್ದರೆ ಆಯ್ತು. ಮಗಳ ಹತ್ರ ದುಡ್ಡು ಕೇಳಬೇಕಿಲ್ಲ ಅನ್ನುವುದೇ ಅಮ್ಮನಿಗೆ ದೊಡ್ಡ ಧೈರ್ಯ.

"ವಯಸ್ಸಾದ ಮೇಲೆ ಒಂಟಿತನ ಇದ್ದದ್ದೇ" ಅಂದ ಅಣ್ಣನ ಮೇಲೆ ನನಗೆ ಸಿಟ್ಟು ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ಹರೆಯದವರಿಗೂ. ಹೃದ್ರೋಗ, ಪಾರ್ಶ್ವವಾಯುವಿನ ಅಪಾಯವೂ ಅದರಿಂದ ಜಾಸ್ತಿ. ಸುಮ್ಮನೆ ಬಿಡುವ ವಿಷಯ ಅಲ್ಲ.

ಎರಡು ವಾರವಾದರೂ ಊಟ, ನಿದ್ದೆ ಸರಿಹೋಗದಿದ್ದರೆ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ, ಹೆಪ್ಪು ಉಪ್ಪಿನಕಾಯಿ ಸಾಲದು. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಹಿರಿಯರಿಗೆಂದೇ 14567 ಸಹಾಯವಾಣಿಯೂ ಇದೆ.

ಇನ್ನೊಂದು ಮಾತು. ಮನೆಗೆ ಬೇಕಾದದ್ದನ್ನೆಲ್ಲ ಫೋನ್‌ನಲ್ಲೇ ತರಿಸಬೇಡಿ. ಕರಿಬೇವು, ಹೂವು, ಒಂದು ಕಟ್ಟು ವೀಳ್ಯದೆಲೆ ಅಮ್ಮನೇ ತರಲಿ. ನಮ್ಮ ಫ್ರಿಜ್‌ನಲ್ಲಿ ಈಗ ಮೊಸರು ಇದ್ದೇ ಇರುತ್ತದೆ. ಆದರೂ ಅಮ್ಮ ಸಂಜೆ ಬಟ್ಟಲು ಹಿಡಿದು ಪಕ್ಕದ ಮನೆಗೇ ಹೋಗುತ್ತಾಳೆ.