ಎಡಿಟಿಂಗ್ ಡ್ರೈವ್ ನಿಧಾನವಾ? ಮೊದಲು ಕೇಬಲ್ ನೋಡಿ

ಮಡಿಕೇರಿ, ವಿರಾಜಪೇಟೆ ಕಡೆ ಮದುವೆ ವಿಡಿಯೊ ಎಡಿಟ್ ಮಾಡುವ ಗೆಳೆಯರೇ, ಹೊಸ ಎನ್‌ಕ್ಲೋಷರ್ (ಡ್ರೈವ್ ಇಟ್ಟು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ) ಹಾಕಿದರೂ 4ಕೆ ವಿಡಿಯೊ ತಡವರಿಸುತ್ತಿದೆಯಾ? ಮೊದಲು ಕೇಬಲ್ ನೋಡಿ. ಫೋನ್ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್ ಹೆಚ್ಚಾಗಿ ಯುಎಸ್‌ಬಿ 2.0. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು ಸೆಕೆಂಡಿಗೆ 40 ಮೆಗಾಬೈಟ್ (ಎಂಬಿ) ಆಸುಪಾಸು ಅಷ್ಟೇ. ನಾನು ಎರಡು ದಿನ ಡ್ರೈವೇ ಹಾಳಾಗಿದೆ ಅಂದುಕೊಂಡಿದ್ದೆ. 10 ಜಿಬಿಪಿಎಸ್ (ಸೆಕೆಂಡಿಗೆ 10 ಗಿಗಾಬಿಟ್) ಕೇಬಲ್ ಹಾಕಿದ ತಕ್ಷಣ ಸರಿಯಾಯಿತು. ಲ್ಯಾಪ್‌ಟಾಪಿನ ಪೋರ್ಟೂ ಅಷ್ಟು ವೇಗದ್ದೇ ಇರಬೇಕು.

ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಡ್ರೈವ್) ಜಾಸ್ತಿ ಬಿಸಿಯಾಗುತ್ತದೆ, ಎನ್‌ಕ್ಲೋಷರ್ ಅಲ್ಯೂಮಿನಿಯಂ ಕವಚದ್ದೇ ತಗೊಳ್ಳಿ. ಹಳೆಯ ಹಾರ್ಡ್ ಡಿಸ್ಕ್ ಬ್ಯಾಕಪ್‌ಗೆ ಸಾಕು. ಆದರೆ 3.5 ಇಂಚಿನದಕ್ಕೆ ಬೇರೆ ಪವರ್ ಅಡಾಪ್ಟರ್ ಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ ಅಲ್ವಾ, ಆ ಅಡಾಪ್ಟರನ್ನು ಯುಪಿಎಸ್‌ಗೇ ಸಿಕ್ಕಿಸಿ.