ಎರಡು ಖಂಡಗಳ ಸ್ವಾಲೋ: ಹೋಲಿಸುವುದು ಎಲ್ಲಿಂದ?

ನನ್ನ ಹಳೇ ನೋಟ್‌ಬುಕ್‌ನ ಒಂದು ಪುಟದಲ್ಲಿ ಎಡಕ್ಕೆ ಏಷ್ಯಾದ ರೆಡ್-ರಂಪ್ಡ್ ಸ್ವಾಲೋ (ಹಾರುತ್ತಲೇ ಹುಳ ಹಿಡಿಯುವ ಪುಟ್ಟ ಹಕ್ಕಿ), ಬಲಕ್ಕೆ ಉತ್ತರ ಅಮೆರಿಕದ ಕ್ಲಿಫ್ ಸ್ವಾಲೋ. ಎರಡಕ್ಕೂ ಮಿರುಗುವ ನೀಲಿ ಬೆನ್ನು, ಬಾಲದ ಬುಡದ ಮೇಲೆ ಮಾಸಲು ಕಿತ್ತಳೆ. ಕೆಳಗೆ ‘ಹೆಚ್ಚುಕಮ್ಮಿ ಒಂದೇ’ ಅಂತ ಬರೆದು ಎರಡು ಗೆರೆ ಬೇರೆ ಎಳೆದಿದ್ದೇನೆ!

ಬೆನ್ನಿಂದ ಶುರು ಮಾಡಿದ್ದೇ ತಪ್ಪು. ಸ್ವಾಲೋ ನಮ್ಮ ತಲೆ ಮೇಲೆ ಹಾರುವ ಹಕ್ಕಿ, ಕಾಣುವುದು ಹೊಟ್ಟೆ ಕಡೆ ಜಾಸ್ತಿ. ಬಾಲವನ್ನು ಕೆಳಗಿನಿಂದ ನೋಡಿ. ರೆಡ್-ರಂಪ್ಡ್‌ಗೆ ಉದ್ದ ಕವಲು, ಬುಡದಲ್ಲೂ ಕಪ್ಪು. ಹಕ್ಕಿಯ ಹಿಂಭಾಗವನ್ನು ಇಂಕಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ. ಕ್ಲಿಫ್ ಸ್ವಾಲೋ ಬಾಲಕ್ಕೆ ಕವಲೇ ಇಲ್ಲ ಅನ್ನಬಹುದು, ಕತ್ತರಿಸಿದಂತೆ ಚೌಕ. ಇನ್ನು ಮುಖ: ಕ್ಲಿಫ್‌ನ ಹಣೆಯಲ್ಲಿ ಸಾಮಾನ್ಯವಾಗಿ ಕೆನೆಬಣ್ಣದ ಮಚ್ಚೆ, ಗಂಟಲು ಕಡು ಕೆಂಗಂದು, ಅದರ ಕೆಳಗೊಂದು ಕಪ್ಪು ಮಚ್ಚೆ. ಇಷ್ಟು ಸಾಕು.

ಉದ್ದದ ಅಂಕಿ ನೋಡುವಾಗ ಹುಷಾರು. ಪುಸ್ತಕದಲ್ಲಿ ಕ್ಲಿಫ್‌ಗೆ ಸುಮಾರು 13 ಸೆಂ.ಮೀ., ರೆಡ್-ರಂಪ್ಡ್‌ಗೆ 16ಕ್ಕಿಂತ ಹೆಚ್ಚು ಅಂತಿರುತ್ತದೆ. ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಅಳೆದ ಲೆಕ್ಕ ಅದು. ಕವಲಿನ ಗರಿಗಳೂ ಅದರಲ್ಲಿ ಸೇರಿವೆ. ಮೈ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ರೆಕ್ಕೆಯ ಅಳತೆ, ತೂಕ ಹುಡುಕಿ.

ಗೂಡಿಗೆ ಮಾತ್ರ ಒಂದಿಡೀ ಪುಟ ಬಿಡಿ. ಎರಡೂ ಕೊಕ್ಕಿನಲ್ಲಿ ಕೆಸರಿನ ಉಂಡೆ ತಂದು ಸೋರೆಬುರುಡೆಯಂಥ ಗೂಡು ಕಟ್ಟುತ್ತವೆ. ಇದೇನೂ ಸುಮ್ನೆ ಹೊಂದಿಕೊಂಡಿದ್ದಲ್ಲ, ಮಣ್ಣಿನ ಗೂಡು ಕಟ್ಟುವ ಸ್ವಾಲೋಗಳ ಒಂದೇ ವಂಶಕ್ಕೆ ಸೇರಿದವು ಇವು. ಆದರೆ ಒಂದು ಗೂಡನ್ನಲ್ಲ, ಅಕ್ಕಪಕ್ಕ ಏನಿದೆ ಅಂತ ನೋಡಿ. ರೆಡ್-ರಂಪ್ಡ್ ಸಾಮಾನ್ಯವಾಗಿ ಸೇತುವೆ ಅಡಿಯಲ್ಲೋ ಗುಹೆಯ ಸೂರಿನಲ್ಲೋ ಒಂಟಿಯಾಗಿ, ಇಲ್ಲವೇ ನಾಲ್ಕಾರು ಜೋಡಿಗಳಾಗಿ ಇರುತ್ತದೆ. ಬಾಗಿಲಿಗೆ ಉದ್ದನೆ ಕೊಳವೆ. ಕ್ಲಿಫ್ ಸ್ವಾಲೋದ್ದು ವಠಾರ. ಗೋಡೆಗೆ ಗೋಡೆ ಅಂಟಿಕೊಂಡು ನೂರಾರು ಗೂಡು, ಕೆಲವೆಡೆ ಸಾವಿರ ದಾಟುತ್ತವೆ. ಅಷ್ಟು ಹತ್ತಿರ ಇದ್ದಮೇಲೆ ಕಿತಾಪತಿ ಇಲ್ಲದೆ ಇರುತ್ತದೆಯೇ? ಕೆಲವು ಹೆಣ್ಣುಗಳು ಪಕ್ಕದ ಗೂಡಿಗೆ ನುಗ್ಗಿ ಮೊಟ್ಟೆ ಇಡುತ್ತವೆ. ಇಟ್ಟ ಮೊಟ್ಟೆಯನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಪಕ್ಕದವರ ಗೂಡಿಗೆ ಸೇರಿಸುವುದೂ ಉಂಟು. ‘ಹೆಚ್ಚುಕಮ್ಮಿ ಒಂದೇ’ ಅನ್ನುವುದನ್ನು ನಾನು ಹೊಡೆದುಹಾಕಿದ್ದು ಇದನ್ನು ಓದಿದ ದಿನ.